ಎರಡನೇ ಹಿಡಿ

ಫೆಬ್ರುವರಿ 3

ಚಿ. ಮುಚ್ಚಳಮ್ಮನಿಗೆ ಅಪ್ಪನ ಆಶೀರ್ವಾದಗಳು.

ಈ ಹೆಸರಿನಿಂದ ಕರೆದರೆ ಕಾಗದ ಹರಿದು ಹಾಕುತ್ತೀಯೋ ಏನೋ. ಚಿಕ್ಕವಳಿದ್ದಾಗ ಅಮ್ಮನ ದೊಡ್ಡ ಜಾಡಿಗಳ ಬಾಯಿಯ ಮೇಲೆ ಹತ್ತಿ ಕೂತುಬಿಡುತ್ತಿದ್ದೆ. ಇಳಿಸಲು ಹೋದರೆ ಅಳು. ಹಾಗೆ ಬಂದ ಹೆಸರು ಅದು. ಕರೆಯುವವರು ಇಬ್ಬರಿದ್ದೆವು, ಈಗ ಒಬ್ಬನೇ.

ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿಸ್ ಫೈಂಡ್ಸ್ ಯೂ ದಿ ಸೇಮ್. ಕಾಗದದ ಮೊದಲ ಸಾಲು ಹೀಗಿರಬೇಕು ಅಂತ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಎರಡನೇ ಸಾಲು ಮರೆತುಹೋಗಿದೆ. ಆದ್ದರಿಂದ ಸೀದಾ ವಿಷಯಕ್ಕೆ ಬರುತ್ತೇನೆ.

ಅಮ್ಮನ ಶೆಡ್ಡಿರುವ ಇಡೀ ಸಾಲನ್ನು ಮಾಲೀಕರು ಕೆಡವುತ್ತಾರಂತೆ. ಕಾರು ನಿಲ್ಲಿಸಲು ಜಾಗ ಬೇಕಂತೆ. ಜುಲೈಗೆ ಖಾಲಿ ಮಾಡಬೇಕು. ಅವಳು ಮಡಕೆ ತಿರುಗಿಸುತ್ತಿದ್ದ ತಿಗರಿಯನ್ನು ಪಕ್ಕದ ಶೆಡ್ಡಿನ ಬಡಗಿ ಕೇಳಿದ್ದಾನೆ, ಅದರ ಮೇಲೆ ಕುರ್ಚಿ ತಿರುಗಿಸುತ್ತಾನೋ ಏನೋ. ಕರೆಂಟಿನ ಭಟ್ಟಿ ಗುಜರಿಗೆ ಹೋಗುತ್ತದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಇರುವುದು ಒಂದೇ ಜಾಡಿಯ ಚಿಂತೆ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನಿನ್ನಮ್ಮ ಆ ಜಾಡಿಗೆ ಒಂದು ಕಡೆ ಹಿಡಿ ಅಂಟಿಸಿದ್ದಳು. ಎರಡನೇ ಹಿಡಿಯನ್ನೂ ಎಳೆದು, ಬಾಗಿಸಿ, ಹಲಗೆಯ ಮೇಲೆ ಇಟ್ಟಿದ್ದಳು. ಅದು ಕೂರಬೇಕಾದ ಜಾಗಕ್ಕೆ ಮುಳ್ಳುಚಮಚದಿಂದ ಗೀರು ಹಾಕುತ್ತಿರುವಾಗ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಬಕೆಟ್ಟಿನಲ್ಲಿ ಕೈ ಅದ್ದಿ ಹೇಳಿದಳು: "ಒದ್ದೆ ಬಟ್ಟೆ ಸುತ್ತಿಡ್ರೀ. ಎರಡನೇದು ಮಗಳು ಬಂದು ಹಾಕಲಿ. ಅಲ್ಲಿವರೆಗೂ ಒಣಗೋಕೆ ಬಿಡಬೇಡಿ."

ನಾನು ಒಣಗಲು ಬಿಟ್ಟಿಲ್ಲ. ಅವಳು ಹೋಗಿ ವರ್ಷವಾಗುತ್ತ ಬಂತು. ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿ, ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಬಟ್ಟೆ ತೋಯಿಸಿ, ಮತ್ತೆ ಸುತ್ತಿ ಬರುತ್ತೇನೆ. ಹಿಡಿಗೂ ಹಾಗೆಯೇ. ಮಣ್ಣು ಇನ್ನೂ ಲೆದರ್ ಹಾರ್ಡ್ ಆಗಿದೆ, ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ, ಉಗುರು ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗೆ. ಒಂದು ಸಲ ಒಣಗಿತೋ, ಮುಗಿಯಿತು, ಹಿಡಿ ಕೂರುವುದಿಲ್ಲ. ನಿನಗೆ ನಾನು ಹೇಳಬೇಕೆ.

ಬಂದು ಹಾಕಿಕೊಟ್ಟು ಹೋಗು. ಒಂದು ದಿನದ ಕೆಲಸ.

ನಿನ್ನ ಅಪ್ಪ


ಫೆಬ್ರುವರಿ 19

ಅಪ್ಪ,

ಕಾಗದ ತಲುಪಿತು. ಕಾರ್ಖಾನೆಯಲ್ಲಿ ಈಗ ರಜೆ ಸಿಗುವುದು ಕಷ್ಟ.

ಅಮ್ಮ ಹಾಗೆ ಹೇಳಿರಲಾರಳು. ನೀವು ಸುಳ್ಳು ಬರೆಯುವಾಗ ಅಕ್ಷರಗಳು ನೆಟ್ಟಗಾಗುತ್ತವೆ. ಆ ಒಂದು ಸಾಲು ಅಚ್ಚು ಹಾಕಿದಂತಿದೆ. ನನಗೆ ಅವಳು ಕೊನೆಯದಾಗಿ ಹೇಳಿದ್ದು ಏನೆಂದು ನಿಮಗೆ ಗೊತ್ತು, ನೀವು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದಿರಿ. "ಕಕ್ಕಸು ತಟ್ಟೋ ಕೆಲಸಕ್ಕೆ ಹೋಗ್ತೀಯಾ? ಹೋಗು. ಕೈಗೆ ಮಣ್ಣು ಹತ್ತಿದೆ ಅಂತ ಎಲ್ಲೂ ಹೇಳ್ಕೋಬೇಡ, ನನ್ನ ಹೆಸರಂತೂ ಎತ್ತಲೇಬೇಡ."

ಹೌದು, ತಟ್ಟುತ್ತೇನೆ. ಬೇಸಿನ್ನು, ಕಮೋಡು, ಬೆಳಗಿನಿಂದ ಸಂಜೆಯವರೆಗೆ ಮರದ ಸುತ್ತಿಗೆಯಿಂದ ತಟ್ಟಿ ಕೇಳುತ್ತೇನೆ. ಗಂಟೆಯ ಹಾಗೆ ಮೊಳಗಿದರೆ ಪಾಸು, ಬದ್ದ ಎಂದು ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ, ಪುಡಿ ಮಾಡುವ ಯಂತ್ರಕ್ಕೆ. ತಟ್ಟಿ ಕೇಳುವುದನ್ನು ಕಲಿಸಿದವಳೂ ಅವಳೇ. ಭಟ್ಟಿ ತೆರೆದ ದಿನ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಸ್ವರ ಸರಿಯಿಲ್ಲದಿದ್ದರೆ ಶೆಡ್ಡಿನ ಹಿಂದಿನ ಗುಡ್ಡೆಗೆ ಒಗೆಯುತ್ತಿದ್ದಳು. ನಾನು ಮಾಡಿದವನ್ನು ತಟ್ಟದೆಯೇ ಒಗೆಯುತ್ತಿದ್ದಳು.

ಇನ್ನೊಂದು ಮಾತು. ಅವಳು ಆಸ್ಪತ್ರೆಯಲ್ಲಿದ್ದಾಗ ಬಾ ಎಂದು ಬರದ ಕಾಗದ ಈಗ ಒಂದು ಜಾಡಿಗಾಗಿ ಬಂದಿದೆ.

ಮಗಳು


ಮಾರ್ಚ್ 2

ಚಿ. ಮಗಳಿಗೆ ಆಶೀರ್ವಾದಗಳು.

ನೀನು ಬರೆದದ್ದನ್ನೆಲ್ಲ ಓದಿದೆ. ಕೊನೆಯ ಸಾಲನ್ನೂ.

ನಾನು ಮ್ಯೂಸಿಯಮ್ಮಿನಲ್ಲಿದ್ದಾಗ ಮಣ್ಣಿನ ಪಾತ್ರೆಗಳ ಕೋಣೆಯಲ್ಲಿ, ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಗ್ರೀಕ್ ಜಾಡಿ ಇತ್ತು, ನಿನಗೆ ನೆನಪಿದೆಯೋ ಇಲ್ಲವೋ. ತಳ ಚೂಪು, ನೆಲದ ಮೇಲೆ ನಿಲ್ಲದು. ಎರಡು ಕಡೆ ಎರಡು ಹಿಡಿ ಇರಬೇಕಾದ ಜಾತಿ. ದ್ರಾಕ್ಷಾರಸವನ್ನೋ ಎಣ್ಣೆಯನ್ನೋ ತುಂಬಿ ಹಡಗಿನಲ್ಲಿ ಕಳಿಸುತ್ತಿದ್ದರು. ಆಂಫೊರ ಅಂದರೆ ಎರಡೂ ಕಡೆಯಿಂದ ಹೊರುವಂಥದ್ದು ಅಂತಲೇ ಅವರ ಭಾಷೆಯಲ್ಲಿ ಅರ್ಥ. ಚೀನಾದವರು ಗಾಜಿನಷ್ಟು ತೆಳ್ಳಗೆ ಮಾಡಿದರು, ಜಪಾನಿನವರು ಒಡೆದ ಬಟ್ಟಲನ್ನು ಚಿನ್ನದ ಪುಡಿಯಿಂದ ಬೆಸೆದರು, ಅದಕ್ಕೂ ಎಷ್ಟೋ ಸಾವಿರ ವರ್ಷ ಹಿಂದೆ ಅದೇ ದ್ವೀಪಗಳಲ್ಲಿ ಯಾರೋ ಹಸಿ ಮಡಕೆಗೆ ಹಗ್ಗ ಒತ್ತಿ ಅಲಂಕಾರ ಮಾಡಿದರು. ಎಲ್ಲಿ ನೋಡಿದರೂ ಮನುಷ್ಯ ಭಾರದ ಪಾತ್ರೆಗೆ ಎರಡು ಕಿವಿ ಇಟ್ಟಿದ್ದಾನೆ. ಒಬ್ಬನಿಂದ ಎತ್ತಲು ಆಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಆ ಪೆಟ್ಟಿಗೆಯ ಚೀಟಿ ನಾನೇ ಬರೆದದ್ದು: ಸ್ಟೋರೇಜ್ ಜಾರ್, ಒನ್ ಹ್ಯಾಂಡಲ್ ಮಿಸ್ಸಿಂಗ್.

ಸುಳ್ಳು ಅಂದೆಯಲ್ಲ. ಹೌದು. ಅವಳು ಹೇಳಿದ್ದು, "ನಾನು ಬರೋವರೆಗೂ ಒಣಗೋಕೆ ಬಿಡಬೇಡಿ" ಅಂತ. ಅಷ್ಟೇ. ನಿನ್ನ ಹೆಸರು ಎತ್ತಲಿಲ್ಲ. ಆದರೆ ಅವಳು ಬರುವುದಿಲ್ಲವಲ್ಲ, ಇನ್ನು ಯಾರು ಬರುವವರೆಗೆ ಅಂತ ನೀರು ಹಾಕಲಿ ಹೇಳು.

ಬಾ.

ನಿನ್ನ ಅಪ್ಪ


ಮಾರ್ಚ್ 30

ಚಿ. ಮಗಳಿಗೆ,

ಉತ್ತರ ಬರಲಿಲ್ಲ. ಟಪಾಲಿನಲ್ಲಿ ಎಲ್ಲೋ ತಪ್ಪಿರಬೇಕು ಅಂದುಕೊಂಡಿದ್ದೇನೆ.

ಬಡಗಿಗೆ ನಾನು ದಿನಾ ನಗೆಪಾಟಲು. "ಏನ್ ಸಾರ್, ಮಗುಗೆ ಸ್ನಾನ ಆಯ್ತಾ?" ಅಂತ ಕೇಳುತ್ತಾನೆ. ಮೊನ್ನೆ ಒಳಗೇ ಬಂದ. ಬಟ್ಟೆ ಬಿಚ್ಚಿದಾಗ ಬೂಷ್ಟಿನ ವಾಸನೆ ಬಂತು. ಜಾಡಿಯ ಭುಜದ ಮೇಲೆ ಹಸಿರು ಚುಕ್ಕೆಗಳು ಎದ್ದಿದ್ದವು. ನಾನು ಬ್ರಶ್ಶಿನಿಂದ ಒರೆಸುತ್ತಿದ್ದೆ. ಅವನು ನಗಲಿಲ್ಲ. "ಅಷ್ಟೇ ತಾನೇ ಸಾರ್? ಸುಟ್ಟುಬಿಡಿ, ಆಮೇಲೆ ನಾನು ಅಂಟು ಹಾಕಿ ಹಿಡಿ ಕೂರಿಸ್ಕೊಡ್ತೀನಿ. ಆನೆ ಎಳೆದ್ರೂ ಕಿತ್ತು ಬರಲ್ಲ" ಅಂದ. ಒಳ್ಳೆಯ ಮನುಷ್ಯ. ನಲವತ್ತು ವರ್ಷ ನಾನು ಮಾಡಿದ್ದೂ ಅದೇ, ಬೇರೆಯವರ ಒಡಕು ಪಾತ್ರೆಗೆ ಅಂಟು ಹಾಕುವುದು. ಆದರೆ ನಿನ್ನಮ್ಮನ ಜಾಡಿಗೆ ಅಂಟು ಅಂದರೆ ಮೈ ಉರಿಯಿತು. "ಬೇಡಪ್ಪ, ನನ್ನ ಮಗಳು ಬರ್ತಾಳೆ" ಅಂದೆ. "ಮಗಳಿದಾಳಾ ಸಾರ್?" ಅಂದ.

ಇಷ್ಟು ವರ್ಷ ಪಕ್ಕದಲ್ಲೇ ಇದ್ದಾನೆ. ಅವನಿಗೆ ಗೊತ್ತೇ ಇರಲಿಲ್ಲ.

ನಿನ್ನ ಅಪ್ಪ


ಏಪ್ರಿಲ್ 8

ಅಪ್ಪ,

ನಾನು ಬರುವುದಿಲ್ಲ. ಅವಳು ಎಳೆದ ಹಿಡಿಯನ್ನು ನನ್ನ ಕೈಯಿಂದ ಕೂರಿಸಲಾರೆ. ಅದನ್ನು ನೋಡುತ್ತ ಅವಳು ಅಲ್ಲೇ ನಿಂತಿರುತ್ತಾಳೆ. ನಿಮಗೆ ಇದು ಅರ್ಥವಾಗದಿದ್ದರೂ ಪರವಾಗಿಲ್ಲ.

ಒಣಗಲು ಬಿಡಿ. ಒಂದು ಹಿಡಿಯೊಂದಿಗೇ ಸುಡಿ. ಹಸಿಯಾಗಿ ಸಾಗಿಸಿದರೆ ಉಳಿಯುವುದಿಲ್ಲ, ಆದ್ದರಿಂದ ಭಟ್ಟಿ ಹೋಗುವ ಮುಂಚೆ ಅಲ್ಲೇ ಸುಡಬೇಕು. ಹೇಗೆಂದು ಬರೆಯುತ್ತೇನೆ. ಎದುರಿಗೆ ಇಟ್ಟುಕೊಂಡು ಮಾಡಿ.

ಬಟ್ಟೆಯನ್ನು ಒಂದೇ ಸಲಕ್ಕೆ ಕಿತ್ತು ಹಾಕಬೇಡಿ. ನೀರು ಹಾಕುವುದನ್ನು ನಿಲ್ಲಿಸಿ, ಬಟ್ಟೆ ತಾನಾಗಿ ಒಣಗಲಿ. ಆಮೇಲೆ ಹಾಳೆ ಸಡಿಲ ಮಾಡಿ. ಬಾಯಿ ಬೇಗ ಒಣಗುತ್ತದೆ, ತಳ ನಿಧಾನ; ಬಾಯಿಯನ್ನು ಮುಚ್ಚಿಡಿ. ಬಣ್ಣ ಬೆಳ್ಳಗಾದ ಮೇಲೆ ಜಾಡಿಗೆ ನಿಮ್ಮ ಕೆನ್ನೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ, ಕಾಯಿರಿ.

ಭಟ್ಟಿಯ ಶಾಖದ ಗುಂಡಿಯನ್ನು ಎಲ್ಲಕ್ಕಿಂತ ಕೆಳಗಿನ ಗುರುತಿಗೆ ಇಟ್ಟು, ಮುಚ್ಚಳ ಸ್ವಲ್ಪ ಎತ್ತಿ ಇಟ್ಟಿಗೆ ಚೂರು ಸಿಕ್ಕಿಸಿ. ಇಣುಕು ಕಿಂಡಿಯ ಹತ್ತಿರ ಕನ್ನಡಿ ಹಿಡಿಯಿರಿ. ಮಂಜು ಕಟ್ಟಿದರೆ ಜಾಡಿ ಇನ್ನೂ ನೀರು ಬಿಡುತ್ತಿದೆ ಎಂದರ್ಥ. ಕನ್ನಡಿ ತಿಳಿಯಾಗುವವರೆಗೆ ಗುಂಡಿ ಮುಟ್ಟಬೇಡಿ. ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆಲ್ಲ ಮೀಟರುಗಳಿವೆ. ಇದು ಅಮ್ಮನ ಪದ್ಧತಿ, ನೆನಪಿನಿಂದ ಬರೆದಿದ್ದೇನೆ.

ಮಗಳು


ಮೇ 11

ಚಿ. ಮಗಳಿಗೆ ಆಶೀರ್ವಾದಗಳು.

ನೀರು ನಿಲ್ಲಿಸಿದೆ.

ಹೀಗೆ ಮೂರು ಶಬ್ದವೂ ಇಲ್ಲದ ಸಾಲನ್ನು ಬರೆಯಲು ಎಷ್ಟು ದಿನ ಹಿಡಿಯಿತು ಗೊತ್ತೇ. ಮೊದಲ ಬೆಳಿಗ್ಗೆ ಚೊಂಬು ತುಂಬಿಕೊಂಡು ಹೋಗಿ, ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಆ ನೀರನ್ನು ನಾನೇ ಕುಡಿದೆ. ಮನೆಗೆ ಬಂದರೆ ಏನು ಮಾಡಬೇಕು ಅಂತ ತೋಚಲಿಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇತ್ತು, ಅವಳು ಹೇಳಿಹೋದ ಒಂದು ಕೆಲಸ ಇತ್ತು. ಅದು ಇರುವ ತನಕ ಅವಳು ಎಲ್ಲೋ ಹೊರಗೆ ಹೋಗಿದ್ದಾಳೆ, ಬರುತ್ತಾಳೆ ಅನ್ನುವ ಹಾಗೆ ಇತ್ತು. ಆಸ್ಪತ್ರೆಯವರು ಕೈಗೆ ಕೊಟ್ಟ ಚೀಟಿಗಿಂತ, ಅವಳ ಚಿತೆಗೆ ಕೊಟ್ಟ ಕಟ್ಟಿಗೆಗಿಂತ, ಈ ಬಟ್ಟೆ ಒಣಗಿದ್ದು ನನಗೆ ಹೆಚ್ಚು ಖಾತ್ರಿ ಮಾಡಿಕೊಟ್ಟಿತು.

ಮಣ್ಣು ಬೆಳ್ಳಗಾಗುತ್ತಿದೆ. ಮೊದಲು ಬಾಯಿ, ಆಮೇಲೆ ಕತ್ತು, ಭುಜ. ಅವಳ ತಲೆಯೂ ಹಾಗೆಯೇ ಮುಂದಿನಿಂದ ನರೆಯುತ್ತ ಬಂದಿತ್ತು. ಅವಳ ಹೆಬ್ಬೆರಳು ಒತ್ತಿದ ಗುರುತು ಹಿಡಿಯ ಬುಡದಲ್ಲಿ ಈಗ ಚೆನ್ನಾಗಿ ಕಾಣುತ್ತದೆ, ಒದ್ದೆಯಿದ್ದಾಗ ಕಾಣುತ್ತಿರಲಿಲ್ಲ. ಇನ್ನೊಂದು ಕಡೆ ಬರೀ ಗೀರುಗಳು, ಅಡ್ಡ ಉದ್ದ.

ಕೆನ್ನೆ ಒತ್ತಿ ನೋಡಿದೆ. ಬಡಗಿ ಬಾಗಿಲಲ್ಲಿ ನಿಂತಿದ್ದವನು ಸುಮ್ಮನೆ ಹೊರಟುಹೋದ.

ನದಿಗಳ ನಡುವಿನ ಆ ಹಳೆಯ ದೇಶದಲ್ಲಿ ಹಸಿ ಮಣ್ಣಿನ ಹಲಗೆಗಳ ಮೇಲೆ ಬರೆದಿಡುತ್ತಿದ್ದರಲ್ಲ, ಅರಮನೆಗೆ ವೈರಿಗಳು ಬೆಂಕಿ ಹಚ್ಚಿದಾಗ ಮರ ಹೋಯಿತು, ಬಟ್ಟೆ ಹೋಯಿತು, ಜನ ಹೋದರು. ಮಣ್ಣು ಮಾತ್ರ ಬೆಂದು ಗಟ್ಟಿಯಾಗಿ ಉಳಿಯಿತು. ಮ್ಯೂಸಿಯಮ್ಮಿಗೆ ಬಂದ ಮಕ್ಕಳಿಗೆ ಇದನ್ನು ಹೇಳುವುದು ನನಗೆ ಬಲು ಇಷ್ಟವಾಗಿತ್ತು. ಬೆಂಕಿ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ, ಇದೊಂದನ್ನು ಕೊಟ್ಟು ಹೋಗುತ್ತದೆ ಮಕ್ಕಳೇ, ಅಂತ. ಅದನ್ನೇ ನಂಬಿಕೊಂಡಿದ್ದೇನೆ. ಅವಳದ್ದು ಅಂತ ಒಂದು ಉಳಿಯಲಿ.

ಜೂನ್ ಮೊದಲ ಶನಿವಾರ ಭಟ್ಟಿ ಹಚ್ಚುತ್ತೇನೆ. ಸುಮ್ಮನೆ ತಿಳಿಸಿದೆ.

ನಿನ್ನ ಅಪ್ಪ


ಜೂನ್ 9

ಮಗಳೇ,

ಜಾಡಿ ಹೋಯಿತು.

ದಿ ಜಾರ್ ವಾಸ್ ಬ್ರೋಕನ್. ಮ್ಯೂಸಿಯಮ್ಮಿನಲ್ಲಿ ಚೀಟಿ ಬರೆಯುವಾಗ ಪಾಸಿವ್ ವಾಯ್ಸ್ ಬಲು ಅನುಕೂಲವಾಗಿತ್ತು, ಯಾರು ಒಡೆದರು ಅಂತ ಹೇಳಬೇಕಾಗಿರಲಿಲ್ಲ.

ನೀನು ಬರೆದಂತೆಯೇ ಮಾಡಿದೆ. ಎದುರಿಗೆ ಕಾಗದ ಇಟ್ಟುಕೊಂಡೇ ಮಾಡಿದೆ. ಜಾಡಿಯನ್ನು ನಾನು, ಬಡಗಿ ಇಬ್ಬರೂ ಎತ್ತಿ ಇಳಿಸಿದೆವು. ಪಕ್ಕದಲ್ಲಿ ಆ ಒಂಟಿ ಹಿಡಿಯನ್ನೂ ಇಟ್ಟೆ. ಅದೂ ಒಣಗಿತ್ತು, ಅದನ್ನೇಕೆ ಬಿಡಲಿ ಅಂತ. ಗುಂಡಿ ಕೆಳಗಿನ ಗುರುತಿಗೆ. ಮುಚ್ಚಳಕ್ಕೆ ಇಟ್ಟಿಗೆ ಚೂರು. ಕನ್ನಡಿ ನಿನ್ನಮ್ಮನದೇ, ಅವಳು ಬೈತಲೆ ನೋಡಿಕೊಳ್ಳುತ್ತಿದ್ದ ದುಂಡು ಕನ್ನಡಿ. ಅಂಗಿಯ ಜೇಬಿನಲ್ಲಿ, ಎದೆಗೆ ಒತ್ತಿಕೊಂಡು, ಅಲ್ಲೇ ಭಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಆಗಾಗ ತೆಗೆದು ಕಿಂಡಿಗೆ ಹಿಡಿಯುವುದು, ನೋಡುವುದು, ಮತ್ತೆ ಜೇಬಿಗೆ. ಮೊದಲನೇ ಸಲ ಒಂಚೂರು ಮಂಜು ಕಂಡಿತು. ಆಮೇಲೆ ಕಾಣಲಿಲ್ಲ. ಮತ್ತೆ ಮತ್ತೆ ಹಿಡಿದು ನೋಡಿದೆ, ತಿಳಿಯಾಗಿತ್ತು. ನನ್ನ ಮೂಗು, ಕಣ್ಣು, ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ಸಂಜೆಗೆ ಮುಚ್ಚಳ ಹಾಕಿ ಗುಂಡಿ ಮೇಲಕ್ಕೆ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಒಳಗೆ ಟಪ್ ಅಂದಿತು. ಗೋಣಿಚೀಲ ಕೆಳಗೆ ಬಿದ್ದ ಹಾಗೆ. ಆಮೇಲೆ ಚಟಪಟ. ಬಡಗಿ ಬಂದು, "ಏನ್ ಸಾರ್, ಒಳಗೆ ಜೋಳ ಹುರೀತಿದೀರಾ?" ಅಂದವನು, ನನ್ನ ಮುಖ ನೋಡಿ ಸ್ಟೂಲು ಹಿಡಿದುಕೊಂಡ. "ನಿಲ್ಲಿಸ್ಲಾ ಸಾರ್?" ಅಂತ ಕೇಳಿದ. ಬೇಡ ಅಂದೆ. ಹಿಡಿ ಒಳಗಿತ್ತಲ್ಲ, ಅದಾದರೂ ಬೇಯಲಿ ಅಂತ.

ತೆರೆದು ನೋಡಿದಾಗ ಚೂರು ಚೂರು. ಅವನ್ನು ಓದುವುದು ನನಗೆ ಬರುತ್ತದೆ, ಬದುಕಿನಲ್ಲಿ ಬಂದದ್ದು ಅದೊಂದೇ. ಬಾಯಿ, ಕತ್ತು, ಭುಜ, ಎಲ್ಲ ಅವಳ ಹಳೆಯ ಕೈ, ತೆಳ್ಳಗೆ, ಒಂದೇ ಸಮ. ತಳ ಮಾತ್ರ ಹಲಗೆಯ ಹಾಗೆ ದಪ್ಪ, ನೀರು ಅಲ್ಲೇ ಉಳಿದಿರಬೇಕು. ಬೇರೆ ದಿನಗಳಾಗಿದ್ದರೆ ಅವಳೇ ಅದನ್ನು ಗುಡ್ಡೆಗೆ ಒಗೆಯುತ್ತಿದ್ದಳು. ತಳದ ಮಣ್ಣನ್ನು ಮೇಲಕ್ಕೆ ಎಳೆಯುವಷ್ಟು ಶಕ್ತಿ ಕೈಯಲ್ಲಿ ಉಳಿದಿರಲಿಲ್ಲ ಮಗಳೇ. ನನಗೆ ಹೇಳಲಿಲ್ಲ. ಸಾಯಂಕಾಲ ಬಂದು ಅನ್ನ ಮಾಡುತ್ತಿದ್ದಳು, ರೇಡಿಯೋ ಕೇಳುತ್ತಿದ್ದಳು. ಕಾಯಿಲೆಯೆಲ್ಲ ಆ ತಳದಲ್ಲಿ ಕೂತಿತ್ತು. ವರ್ಷವಿಡೀ ನಾನು ಅದಕ್ಕೇ ನೀರು ಹಾಕುತ್ತಿದ್ದೆ.

ಎಲ್ಲಿ ತಪ್ಪಿದೆ ಅಂತ ನಿನಗೆ ಗೊತ್ತಾದರೆ ಬರಿ. ಗೊತ್ತಾಗಿ ಏನು ಪ್ರಯೋಜನ ಅಂತಲೂ ಅನ್ನಿಸುತ್ತದೆ. ಆದರೂ ಬರಿ.

ಅಪ್ಪ


ಜೂನ್ 20

ಅಪ್ಪ,

ಕನ್ನಡಿ ತಣ್ಣಗಿರಬೇಕಿತ್ತು.

ಬಿಸಿ ಕನ್ನಡಿಯ ಮೇಲೆ ಮಂಜು ಕೂರುವುದಿಲ್ಲ. ಅದು ನಿಮ್ಮ ಜೇಬಿನಲ್ಲಿ, ಭಟ್ಟಿಯ ಪಕ್ಕದಲ್ಲಿ ಬಿಸಿಯಾಗಿಬಿಟ್ಟಿತ್ತು. ಅಮ್ಮ ಕನ್ನಡಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಟ್ಟಿರುತ್ತಿದ್ದಳು. ಪ್ರತಿ ಸಲ ತೆಗೆದು, ಒರೆಸಿ, ಹಿಡಿದು, ಮತ್ತೆ ಬಕೆಟ್ಟಿಗೆ. ಒರೆಸಿ ಕೊಡುವುದು ನನ್ನ ಕೆಲಸವಾಗಿತ್ತು. ನನ್ನ ಫ್ರಾಕಿನ ಅಂಚಿನಿಂದ ಒರೆಸುತ್ತಿದ್ದೆ. "ಮುಚ್ಚಳಾ, ಕೊಡೇ ಬೇಗ" ಎನ್ನುತ್ತಿದ್ದಳು.

ನಿಮಗೆ ಎಲ್ಲ ಬರೆದೆ. ಗುಂಡಿ, ಇಟ್ಟಿಗೆ ಚೂರು, ಕೆನ್ನೆ. ಅದನ್ನು ಮಾತ್ರ ಬರೆಯಲಿಲ್ಲ. ಮರೆತೆನೋ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆನೋ, ಅಷ್ಟು ಹೊತ್ತಿಗೆ ನೆನಪಿನಲ್ಲಿ ಆ ಬಕೆಟ್ಟಿನ ತನಕ ಹೋಗಲು ಮನಸ್ಸಾಗಲಿಲ್ಲವೋ, ತಿಳಿಯದು. ನಿಮ್ಮದು ತಪ್ಪಲ್ಲ.

ಆ ಶನಿವಾರ ನಾನು ಹೊರಟಿದ್ದೆ. ಕಾರ್ಖಾನೆಯಲ್ಲಿ ಹೇಳಿ, ಚೀಲ ತೆಗೆದುಕೊಂಡು ರೈಲು ಹತ್ತಿದ್ದೆ. ಜಂಕ್ಷನ್ನಿನಲ್ಲಿ ಇಳಿದು ರೈಲು ಬದಲಿಸಬೇಕು. ಇಳಿದೆ. ನಮ್ಮೂರಿನ ರೈಲು ಬಂತು, ನಿಂತಿತು, ಹೋಯಿತು. ನಾನು ಬೆಂಚಿನಲ್ಲಿ ಕೂತಿದ್ದೆ. ಆಮೇಲೆ ವಾಪಸ್ಸಿನ ಗಾಡಿ ಹತ್ತಿದೆ. ಬಂದಿದ್ದರೆ ಮಧ್ಯಾಹ್ನಕ್ಕೇ ಬಂದು ಮುಟ್ಟುತ್ತಿದ್ದೆ.

ಮಗಳು


ಜುಲೈ 21

ಚಿ. ಮಗಳಿಗೆ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಓದಿ ಮಡಚಿಟ್ಟೆ. ಮತ್ತೆ ಬಿಚ್ಚಲು ಧೈರ್ಯ ಬರಲಿಲ್ಲ. ನೀನು ತಪ್ಪು ಮಾಡಿದೆ ಅಂತ ಅಂದುಕೊಳ್ಳಬೇಡ. ಇದನ್ನು ಬರೆಯುವಾಗ ಅಕ್ಷರ ನೆಟ್ಟಗೆ ಬರುತ್ತಿಲ್ಲ, ನೋಡಿಕೋ.

ಶೆಡ್ಡುಗಳ ಸಾಲು ಈಗ ಇಲ್ಲ. ಕೆಡವುವ ಮುಂಚೆ ಚೂರುಗಳನ್ನೆಲ್ಲ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ನೂರಾರು ಜಾಡಿ ಕೂಡಿಸಿದವನು. ಕತ್ತು ಸೇರಿತು, ಒಂದು ಕಡೆಯ ಭುಜ ಸೇರಿತು. ತಳ ಬಹುಪಾಲು ಪುಡಿಯಾಗಿ ಹೋಗಿತ್ತು. ತಳ ಇಲ್ಲದ್ದನ್ನು ಯಾವುದರ ಮೇಲೆ ನಿಲ್ಲಿಸಲಿ? ಕೂಡಿಸಿದ್ದನ್ನೂ ಬಿಡಿಸಿ, ಬುಟ್ಟಿಗೆ ಹಾಕಿ, ಶೆಡ್ಡಿನ ಹಿಂದಿನ ಗುಡ್ಡೆಗೆ ಸುರಿದು ಬಂದೆ. ಅವಳು ಒಗೆದದ್ದೆಲ್ಲ ಅಲ್ಲೇ ಇತ್ತು. ನಿನ್ನವೂ ಇದ್ದಿರಬೇಕು. ಯಾವುದು ಯಾರದ್ದೆಂದು ತಿಳಿಯುವಂತಿರಲಿಲ್ಲ. ಮರುದಿನ ಯಂತ್ರ ಬಂದು ಎಲ್ಲವನ್ನೂ ಒತ್ತಿ ಸಮ ಮಾಡಿತು. ಮುಂದೆ ಯಾವತ್ತೋ ಯಾರೋ ಅಗೆದು, ಚೀಟಿ ಬರೆದು, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಪಾಟರ್ ಅನ್‌ನೋನ್ ಅಂತ. ಬಡಗಿ ತಿಗರಿ ಒಯ್ದ. ಹೋಗುವಾಗ "ಬರ್ತಾ ಇರಿ ಸಾರ್" ಅಂದ. ಎಲ್ಲಿಗೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಚೂರು ಮಾತ್ರ ಇಟ್ಟುಕೊಂಡಿದ್ದೇನೆ, ಗೀರುಗಳಿರುವ ಚೂರು. ಮುಳ್ಳುಚಮಚದ ಗುರುತು ಬೆಂದು ಗಟ್ಟಿಯಾಗಿದೆ. ಇನ್ನು ಸಾವಿರ ವರ್ಷ ಅದು ಹಿಡಿಗಾಗಿ ಕಾಯುತ್ತದೆ.

ಹಿಡಿಗೆ ಏನೂ ಆಗಿಲ್ಲ. ಸಿಡಿದ ಚೂರುಗಳ ನಡುವೆ ಹಾಗೇ ಮಲಗಿತ್ತು. ಅದನ್ನು ಈ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ, ಜಾಡಿಗೆ ಸುತ್ತುತ್ತಿದ್ದ ಆ ಬಟ್ಟೆಯಲ್ಲೇ ಸುತ್ತಿ. ಒಂದಕ್ಕೊಂದು ಸೇರಬೇಕಾಗಿದ್ದ ಎರಡು, ಒಂದು ಈ ಊರಿನಲ್ಲಿ, ಒಂದು ಆ ಊರಿನಲ್ಲಿ. ನಮ್ಮ ಮನೆಗೆ ಅದು ಹೊಸದಲ್ಲ.

ನನಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ನೀನು ಸುತ್ತಿಗೆಯಿಂದ ತಟ್ಟಿ, ಅದರ ಸ್ವರ ಹೇಗಿದೆ ಅಂತ ಬರಿ. ಬದ್ದ ಅಂದರೆ ನಿನ್ನಮ್ಮನ ಪದ್ಧತಿಯ ಹಾಗೆ ಒಗೆದುಬಿಡು. ಅವಳು ಒಪ್ಪುತ್ತಿದ್ದಳು.

ನಿನ್ನ ಅಪ್ಪ


ಆಗಸ್ಟ್ 14

ಅಪ್ಪ,

ಹಿಡಿ ತಲುಪಿತು. ತಟ್ಟದೆಯೇ ಇಟ್ಟುಕೊಂಡಿದ್ದೇನೆ.

ಮುಚ್ಚಳ